ಅಮ್ಮನನ್ನು ಯಾಣಕ್ಕೆ ಕರೆದುಕೊಂಡು ಹೋಗಬಹುದಾ? ದಾರಿ, ಉಂಬಳ, ವ್ಯೂ ಪಾಯಿಂಟ್ ಬಗ್ಗೆ ಗೊತ್ತಿರುವವರು ಹೇಳಿ

ಬನಶಂಕರಿಯವ
ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಈ ಸಲ ಯಾಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ಹೆಂಡತಿ, ಎರಡನೇ ಕ್ಲಾಸಿನ ಮಗ, ಜೊತೆಗೆ ಅಮ್ಮ. ಅಮ್ಮನಿಗೆ 64 ವರ್ಷ. ಸಮತಟ್ಟು ದಾರಿಯಲ್ಲಿ ನನಗಿಂತ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಇಳಿಯುವಾಗ ಮಾತ್ರ ಮಂಡಿ ಹಿಡಿದುಕೊಳ್ಳುತ್ತೆ. ಮ್ಯಾಪ್ ನೋಡಿದರೆ ಒಂದು ಸಲ ಶಿರಸಿ ಕಡೆಯಿಂದ ದಾರಿ ತೋರಿಸುತ್ತೆ, ಇನ್ನೊಂದು ಸಲ ಅಂಕೋಲಾ ಕಡೆಯಿಂದ. ಯಾವುದು ಸುಲಭ? ಅಕ್ಟೋಬರ್‌ನಲ್ಲಿ ಉಂಬಳ ಇರುತ್ತವಾ? ಇನ್ನೊಂದು ವಿಷಯ. ಆ ಎರಡು ಕಪ್ಪು ಬಂಡೆಗಳನ್ನು ಮೇಲಿನಿಂದ ತೋರಿಸುವ ರೀಲ್ಸ್ ಬರುತ್ತಲ್ಲ, ಆ ವ್ಯೂ ಪಾಯಿಂಟ್ ಎಲ್ಲಿದೆ? ಅಲ್ಲಿಗೆ ಹತ್ತೋ ದಾರಿ ಯಾವುದು?

ಶಿರಸಿ_ಮಾಣಿ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ. ಅಂಥ ವ್ಯೂ ಪಾಯಿಂಟ್ ಇಲ್ಲ. ನೀವು ನೋಡಿದ್ದು ಡ್ರೋನ್. ಯಾಣದಲ್ಲಿ ಮೇಲೆ ಹತ್ತಿ ಕೆಳಗೆ ನೋಡೋದಲ್ಲ, ಕೆಳಗೆ ನಿಂತು ಮೇಲೆ ನೋಡೋದು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅಷ್ಟು ಎತ್ತರದ ಕಲ್ಲು ಕಾಡಿನ ನಡುವೆ ಎದ್ದಿದ್ದರೂ ಬುಡಕ್ಕೆ ಬರುವವರೆಗೆ ಮರಗಳ ಸಂದಿಯಲ್ಲಿ ಚೂರು ಚೂರು ಕಾಣುತ್ತೆ, ಅಷ್ಟೇ.

ದಾರಿ ಬಗ್ಗೆ: ಶಿರಸಿಯಿಂದ ಸುಮಾರು 40 ಕಿ.ಮೀ., ಕುಮಟಾದಿಂದ ಸುಮಾರು 30. ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡೆಯಬೇಕು, ಕೊನೆಗೆ ಮೆಟ್ಟಿಲು. ಅಮ್ಮ ನಿಧಾನಕ್ಕೆ ಬಂದರೆ ಏನೂ ತೊಂದರೆ ಇಲ್ಲ. ನಮ್ಮ ದೊಡ್ಡಮ್ಮ ಎಪ್ಪತ್ತು ದಾಟಿದ ಮೇಲೂ ಶಿವರಾತ್ರಿಗೆ ಹೋಗಿ ಬರ್ತಿದ್ದರು.

ಕರಾವಳಿ_ಕಾಗೆ
ಶಿರಸಿಯವರು ಶಿರಸಿ ದಾರಿಯನ್ನೇ ಹೇಳೋದು, ಗೊತ್ತಿದ್ದದ್ದೇ. ಮಾರಾಯ್ರೆ, ಬೆಂಗಳೂರಿನಿಂದ ಅಷ್ಟು ದೂರ ಕಾರು ಓಡಿಸಿ ಮಗು, ಅಮ್ಮನನ್ನು ಸುಸ್ತು ಮಾಡೋದು ಯಾಕೆ? ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಮಲಗಿ, ಬೆಳಿಗ್ಗೆ ಕುಮಟಾದಲ್ಲಿ ಇಳಿಯಿರಿ. ಅಲ್ಲೇ ತಿಂಡಿ ತಿಂದು ಬಾಡಿಗೆ ಗಾಡಿ ಮಾಡಿಕೊಂಡು ಯಾಣ. ಸಂಜೆ ಸಮುದ್ರ.

ಶಿರಸಿ_ಮಾಣಿ
ಟ್ರೈನ್ ಒಳ್ಳೆ ಐಡಿಯಾ, ಒಪ್ಪಿದೆ. ಆದರೆ ದಸರಾಗೆ ಟಿಕೆಟ್ ಸಿಗಬೇಕಲ್ಲ ಕಾಗೆಯವರೇ.

ಘಟ್ಟದ_ಹುಡುಗಿ
ಉಂಬಳದ ಬಗ್ಗೆ ಸುಳ್ಳು ಹೇಳಲ್ಲ. ಅಕ್ಟೋಬರ್ ಮೊದಲ ವಾರ ಮಳೆ ಇದ್ದರೆ ಖಂಡಿತ ಇರುತ್ತವೆ. ಎಲೆಯ ತುದಿಯಲ್ಲಿ ನೆಟ್ಟಗೆ ನಿಂತು ತಲೆ ಆಡಿಸ್ತಾ ಇರುತ್ತೆ, ದಾರದ ಚೂರಿನಷ್ಟು. ಕಾಲು ತಾಗಿದ್ದೇ ತಡ, ಹತ್ತಿಬಿಡುತ್ತೆ. ಬೆರಳ ಸಂದಿಗೆ ಹೋಗಿ ಕೂತಿದ್ದು ಗೊತ್ತೇ ಆಗಲ್ಲ, ಕಚ್ಚುವಾಗ ನೋವೂ ಇಲ್ಲ. ಬಿಟ್ಟ ಮೇಲೆ ರಕ್ತ ನಿಲ್ಲಲ್ಲ ಅಷ್ಟೇ, ಯಾಕೆಂದರೆ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಬಾಯಲ್ಲಿದೆ. ಗಾಬರಿ ಬೇಡ, ವಿಷ ಏನಿಲ್ಲ. ನಮ್ಮ ಮನೆಯಲ್ಲಿ ಹೊಗೆಸೊಪ್ಪಿನ ನೀರಲ್ಲಿ ಸುಣ್ಣ ಕಲಸಿ ಕಾಲಿಗೆ ಹಚ್ಚುತ್ತಾರೆ. ನಿಮಗೆ ಅದು ಬೇಡ ಅಂದರೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಕಿತ್ತು ಎಳೀಬೇಡಿ. ಉಗುರಲ್ಲಿ ಮೆಲ್ಲಗೆ ಬಾಯಿಯ ಕಡೆಯಿಂದ ಬಿಡಿಸಿ.

ಟೈಂಪಾಸ್_ತಿಮ್ಮ
ಸುಣ್ಣದ ಕಲ್ಲಿನ ಬೆಟ್ಟಕ್ಕೆ ಮನೆಯಿಂದ ಸುಣ್ಣ ತಗೊಂಡು ಹೋಗಬೇಕಾ 😄

ಹಳೇಬೇರು
ಸುಣ್ಣದ ಕಲ್ಲು ಅಂದವರು ಯಾರು? ಅದು ಜ್ವಾಲಾಮುಖಿಯಿಂದ ಆದ ಕಲ್ಲು. ಕಪ್ಪಗಿದೆ, ಚೂಪಾಗಿದೆ, ನೋಡಿದರೇ ಗೊತ್ತಾಗುತ್ತೆ. ಭಸ್ಮಾಸುರ ಸುಟ್ಟು ಬೂದಿಯಾದ ಕಥೆ ಸುಮ್ನೆ ಹುಟ್ಟಿದ್ದಾ? ಬೆಂಕಿ ಉಗುಳಿದ್ದನ್ನು ಹಿಂದಿನವರು ಕಥೆ ಮಾಡಿದ್ದಾರೆ.

ಕಲ್ಲುಕುಟಿಗ
ಸಾರಿ ಸರ್, ಅದು ಸುಣ್ಣದ ಕಲ್ಲೇ. ನಾನು ಭೂವಿಜ್ಞಾನ ಓದಿದವನು, ಸ್ವಲ್ಪ ಉದ್ದ ಬರೀತೀನಿ, ಬೇಡದವರು ಮುಂದೆ ಹೋಗಿ.

ಲಾವಾ ಕಲ್ಲು ನೋಡಬೇಕೆಂದರೆ ಮಲ್ಪೆ ಹತ್ತಿರ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಅಲ್ಲಿನ ಕಂಬಗಳು ನಿಜವಾಗಿ ಲಾವಾ ತಣ್ಣಗಾಗಿ ಬಿರಿದು ಆದವು. ಕಂಬಗಳಿಗೆ ಲೆಕ್ಕ ಹಾಕಿದ ಹಾಗೆ ಮೂಲೆಗಳಿವೆ. ಯಾಣದ ಕಲ್ಲಿಗೆ ಆ ಥರ ಆಕಾರವೇ ಇಲ್ಲ, ಹಳ್ಳ, ಕೊರಕಲು, ಗೂಡು, ಮೊನಚು. ಇದು ಕರಗಿ ಉಳಿದ ಕಲ್ಲಿನ ಲಕ್ಷಣ. ಮಳೆ ನೀರು ಗಾಳಿಯಿಂದ, ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸಣ್ಣಗೆ ಆಮ್ಲ ಆಗುತ್ತೆ. ಆ ನೀರು ಬಿರುಕಿಗೆ ಇಳಿದು ಕಲ್ಲನ್ನು ಕರಗಿಸುತ್ತೆ, ಬೆಲ್ಲದ ಅಚ್ಚಿನ ಮೇಲೆ ನೀರು ತೊಟ್ಟಿಕ್ಕಿದ ಹಾಗೆ. ಬಿರುಕು ಅಗಲ ಆಗುತ್ತಾ ಹೋಗಿ ಗುಹೆ ಆಗುತ್ತೆ. ಸುತ್ತಲಿನದು ಹೋಗಿ ಗಟ್ಟಿ ಭಾಗ ಶಿಖರವಾಗಿ ನಿಲ್ಲುತ್ತೆ. ನಮ್ಮ ಘಟ್ಟದಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಜಾಸ್ತಿ ಮಳೆ ಹೊಯ್ಯುತ್ತೆ. ಕರಗಿಸೋಕೆ ಇನ್ನೇನು ಬೇಕು?

ಭೈರವೇಶ್ವರನ ಗುಹೆಯಲ್ಲಿ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತಲ್ಲ, ಅದೂ ಕಲ್ಲಿನ ಒಳಗಿನ ಬಿರುಕುಗಳಿಂದ ಇಳಿದು ಬರುವ ನೀರೇ.

ಹಳೇಬೇರು
ನೀವು ಓದಿದವರು, ನಾವು ನೋಡಿದವರು. ಬಿಡಿ.

ಕಲ್ಲುಕುಟಿಗ
ನೋಡೋದಾದರೆ ಹೀಗೆ ನೋಡಿ ಸರ್. ಸುಣ್ಣದ ಕಲ್ಲಿನ ಚೂರಿಗೆ ಲಿಂಬೆ ರಸ ಅಥವಾ ವಿನೆಗರ್ ಬಿಟ್ಟರೆ ಸಣ್ಣಗೆ ನೊರೆ ಬರುತ್ತೆ, ಲಾವಾ ಕಲ್ಲಿಗೆ ಬರಲ್ಲ. ದಯವಿಟ್ಟು ಯಾಣದ ಬಂಡೆಗೇ ಹಿಂಡೋಕೆ ಹೋಗಬೇಡಿ, ಅದು ದೇವಸ್ಥಾನ.

ಮೈಸೂರು_ಮಲ್ಲಿಗೆಮೊಗ್ಗು
ಭಸ್ಮಾಸುರನ ಕಥೆ ಮಗನಿಗೆ ದಾರಿಯಲ್ಲೇ ಹೇಳಿ. ಶಿವ ವರ ಕೊಟ್ಟು ಸಿಕ್ಕಿಹಾಕಿಕೊಂಡಿದ್ದು, ಮೋಹಿನಿ ಕುಣಿಸಿ ಕುಣಿಸಿ ಅವನ ಕೈಯನ್ನು ಅವನ ತಲೆ ಮೇಲೇ ಇಡಿಸಿದ್ದು. ನನ್ನ ಮಗಳು ಕಥೆ ಕೇಳಿ "ವರ ಕೊಡೋ ಮೊದಲು ಶಿವ ಯೋಚನೆ ಮಾಡಬಾರದಿತ್ತಾ" ಅಂದಳು. ಬಂಡೆ ಮುಂದೆ ನಿಂತಾಗ ಮಾತೇ ನಿಂತುಹೋಯಿತು ಅವಳದು. ಮಕ್ಕಳಿಗೆ ಬಹಳ ಇಷ್ಟ ಆಗುವ ಜಾಗ.

ನಿವೃತ್ತ_ಮೇಷ್ಟ್ರು
"ಸೊಕ್ಕಿದ್ದವ ಯಾಣಕ್ಕೆ, ರೊಕ್ಕ ಇದ್ದವ ಗೋಕರ್ಣಕ್ಕೆ" ಅಂತ ನಮ್ಮ ಕಡೆ ಮಾತಿದೆ. ಈಗಿನವರಿಗೆ ನಗು ಬರಬಹುದು. ರಸ್ತೆ ಇಲ್ಲದ ಕಾಲದಲ್ಲಿ ಬುತ್ತಿ ಕಟ್ಟಿಕೊಂಡು, ಹಳ್ಳ ದಾಟಿ, ದಿನಗಟ್ಟಲೆ ಕಾಡು ನಡೆಯುವ ಗಟ್ಟಿಗರು ಮಾತ್ರ ಯಾಣಕ್ಕೆ ಹೋಗುತ್ತಿದ್ದದ್ದು. ಶಿವರಾತ್ರಿ ಜಾತ್ರೆಗೆ ಹೋದವರು ಅಲ್ಲಿನ ತೀರ್ಥ ಹಿಡಿದು ಗೋಕರ್ಣದ ಮಹಾಬಲೇಶ್ವರನಿಗೆ ಅಭಿಷೇಕಕ್ಕೆ ಒಯ್ಯುವ ರೂಢಿ ಇತ್ತು, ಈಗಲೂ ಇದೆ. ತೊಂಬತ್ತರ ದಶಕದಲ್ಲಿ ಸಿನಿಮಾ ಶೂಟಿಂಗ್ ಆಯಿತು, ಆಮೇಲೆ ರಸ್ತೆ ಬಂತು, ಜನ ಬಂದರು, ಕುರುಕುರೆ ಪ್ಯಾಕೆಟ್ಟೂ ಬಂತು.

ಬನಶಂಕರಿಯವರೇ, ಒಂದು ಮಾತು. ಬಂಡೆ ಬುಡಕ್ಕೆ ಹೋಗಿ ಫೋಟೋ ತೆಗೆದು ವಾಪಸ್ ಬರಬೇಡಿ. ಭೈರವೇಶ್ವರನ ದರ್ಶನ ಆದ ಮೇಲೆ ಬಂಡೆಯ ಸುತ್ತ ಪ್ರದಕ್ಷಿಣೆ ದಾರಿ ಇದೆ. ಚಪ್ಪಲಿ ಬಿಟ್ಟು ಹೋಗಬೇಕು. ಸೀಳಿನ ಒಳಗೆ ಹೋದಾಗ ಎರಡೂ ಕಡೆ ಕಲ್ಲು, ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಅಂಗಾಲಿಗೆ ಒದ್ದೆ ಕಲ್ಲು ತಣ್ಣಗೆ ಚುಚ್ಚುತ್ತದೆ, ಬಾವಲಿ ವಾಸನೆ ಮೂಗಿಗೆ ಹೊಡೆಯುತ್ತದೆ. ಅಲ್ಲಿ ಕತ್ತೆತ್ತಿ ನೋಡಿ. ನನ್ನ ಪ್ರಕಾರ ಯಾಣದ ವ್ಯೂ ಪಾಯಿಂಟ್ ಅದೇ.

ಬನಶಂಕರಿಯವ
ಮೇಷ್ಟ್ರೇ, ಬಹಳ ಧನ್ಯವಾದ. ಪ್ರದಕ್ಷಿಣೆ ದಾರಿ ಅಮ್ಮನಿಗೆ ಆಗುತ್ತಾ?

ನಿವೃತ್ತ_ಮೇಷ್ಟ್ರು
ಒಣಗಿದ್ದರೆ ಆಗುತ್ತದೆ. ಮಳೆ ಬಂದು ಜಾರುತ್ತಿದ್ದರೆ ಬೇಡ, ದರ್ಶನ ಸಾಕು. ಏರು ತಗ್ಗು ಮೆಟ್ಟಿಲು ಇವೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಇರಿ.

ಹುಬ್ಬಳ್ಳಿ_ಹೈದ
ಮೇಲಿಂದ ನೋಡಾಕ ಏನೂ ಇಲ್ಲ ಅಂತೀರಿ. ಅದಕ್ಕ ಒಂದು ಗಾಜಿನ ಸೇತುವೆ ಹಾಕಿದರ ಏನು ತಪ್ಪು? ಎರಡು ಶಿಖರದ ನಡುವ. ಹೊರದೇಶದಾಗ ಎಲ್ಲಾ ಕಡೆ ಐತಿ. ಊರಿನ ಹುಡುಗರಿಗೆ ಕೆಲಸಾನೂ ಸಿಗತೈತಿ.

ಘಟ್ಟದ_ಹುಡುಗಿ
ಅಯ್ಯೋ ಬೇಡಪ್ಪಾ ಬೇಡ.

ಮ್ಯೂನಿಕ್_ಮಾದೇಶ
ಗಾಜಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಾನು ಇಲ್ಲಿಂದ ಕ್ರೊಯೇಷಿಯಾದ ಬಿಯೊಕೊವೊ ಬೆಟ್ಟಕ್ಕೆ ಹೋಗಿದ್ದೆ. ಅದೂ ಸುಣ್ಣದ ಕಲ್ಲಿನ ಬೆಟ್ಟ, 1981ರಿಂದ ರಕ್ಷಿತ ನಿಸರ್ಗ ಉದ್ಯಾನ. ಅತಿ ಎತ್ತರದ ಶಿಖರ ಸ್ವೇತಿ ಯೂರೆ, 1762 ಮೀಟರ್, ಕಾಲ ಬುಡದಲ್ಲೇ ಆಡ್ರಿಯಾಟಿಕ್ ಸಮುದ್ರ. 1228 ಮೀಟರ್ ಎತ್ತರದಲ್ಲಿ ಕುದುರೆ ಲಾಳದ ಆಕಾರಕ್ಕೆ ಗಾಜಿನ ನಡಿಗೆ ದಾರಿ ಮಾಡಿದ್ದಾರೆ, 2020ರಲ್ಲಿ ಶುರುವಾದದ್ದು. ಕೆಳಗೆ ನೋಡಿದರೆ ಹೊಟ್ಟೆ ತಳಮಳ ಅನ್ನುತ್ತೆ.

ಆದರೆ ಆ ಬೆಟ್ಟವೇ ಬೇರೆ ಥರ. ಮೇಲೆ ಬೋಳು ಬಿಳಿ ಕಲ್ಲು, ದಾರಿಗೆ ಬಂಡೆ ಮೇಲೆ ಕೆಂಪು ಉಂಗುರದೊಳಗೆ ಬಿಳಿ ಬಳಿದ ಗುರುತು, ನೆರಳು ಇಲ್ಲ. ಮುಖ್ಯವಾಗಿ ನೀರಿಲ್ಲ. ಬಿದ್ದ ಮಳೆಯನ್ನೆಲ್ಲ ಕಲ್ಲು ಕುಡಿದುಬಿಡುತ್ತೆ, ಊಟೆ ಬರೋದು ಕೆಳಗೆಲ್ಲೋ. ನೀರು ಜಾಸ್ತಿ ಹೊತ್ತುಕೊಳ್ಳದೆ ಹತ್ತಿದರೆ ಕಥೆ ಮುಗೀತು. ಬುರಾ ಅಂತ ಒಂದು ಗಾಳಿ ಬೇರೆ, ಅದು ಜೋರಾದರೆ ಮೇಲೆ ನಿಲ್ಲೋಕೇ ಆಗಲ್ಲ. ಬೋಳು ಬೆಟ್ಟದ ಅಂಚಿನಲ್ಲಿ ಗಾಜು ಸರಿ. ಯಾಣದ ಕಾಡಿನ ಒಳಗೆ ಕಂಬ ನೆಟ್ಟು ಗಾಜು ಹಾಕಿದರೆ ಬಂಡೆ ಯಾರು ನೋಡ್ತಾರೆ, ಎಲ್ಲರೂ ಗಾಜನ್ನೇ ನೋಡ್ತಾರೆ.

ಹುಬ್ಬಳ್ಳಿ_ಹೈದ
ಅಣ್ಣಾ, ನೀವು ಯುರೋಪಿನಾಗ ಗಾಜಿನ ಮ್ಯಾಲ ಅಡ್ಡಾಡಿ ಬಂದು ನಮಗ ಬ್ಯಾಡ ಅಂತೀರಿ. ಇದು ಯಾವ ನ್ಯಾಯ?

ಮ್ಯೂನಿಕ್_ಮಾದೇಶ
😂 ಪಾಯಿಂಟ್ ಒಪ್ಪಿದೆ.

ಜೇನು_ಕುಡುಬಿ
ನ್ಯಾಯ ಗೀಯ ಆಮೇಲೆ. ಬಂಡೆ ಮೈಮೇಲೆ ಹೆಜ್ಜೇನು ಗೂಡು ನೇತಾಡೋದು ಯಾರೂ ನೋಡಿಲ್ವಾ? ಅಲ್ಲಿ ಕಂಬ ಕೊರೆಯೋಕೆ ಹೋದವನು ಆಸ್ಪತ್ರೆಯಲ್ಲೇ ಇರ್ತಾನೆ. ಈಗಲೂ ಹೇಳ್ತೀನಿ, ಹೋಗೋರು ಜೋರು ಸೆಂಟ್ ಹಾಕಿಕೊಳ್ಳಬೇಡಿ, ಬಂಡೆ ಹತ್ತಿರ ಹೊಗೆ ಹಾಕಬೇಡಿ, ಕಲ್ಲು ಎಸೀಬೇಡಿ, ಸ್ಪೀಕರ್ ಹಾಕಬೇಡಿ. ಅಕಸ್ಮಾತ್ ಎದ್ದರೆ ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ, ನಿಲ್ಲಬೇಡಿ. ನೀರಿಗೆ ಹಾರಿದರೆ ಬಿಡುತ್ತೆ ಅನ್ನೋದು ಸುಳ್ಳು, ತಲೆ ಎತ್ತೋವರೆಗೂ ಅಲ್ಲೇ ಕಾಯುತ್ತೆ.

ಟೈಂಪಾಸ್_ತಿಮ್ಮ
ಉಂಬಳ, ಬಾವಲಿ, ಹೆಜ್ಜೇನು. ಬನಶಂಕರಿಯವರು ಟಿಕೆಟ್ ಕ್ಯಾನ್ಸಲ್ ಮಾಡಿರ್ತಾರೆ ಈ ಹೊತ್ತಿಗೆ.

ಬನಶಂಕರಿಯವ
ನಾನು ಕ್ಯಾನ್ಸಲ್ ಮಾಡೋಣ ಅಂದೆ. ಅಮ್ಮ ಬೈದರು.

ಕಾಡುಪಾಪ_86
ವಿಭೂತಿ ಜಲಪಾತದ ವಿಷಯ ಯಾರೂ ಹೇಳಲೇ ಇಲ್ಲ! ಅದೂ ಸುಣ್ಣದ ಕಲ್ಲಿನ ಮೇಲೇ ಹರಿಯೋದು, ಅಂಕೋಲಾ ತಾಲೂಕು, ಅಚವೆ ಕಡೆ. ಎತ್ತರ ಏನಿಲ್ಲ, ಉಂಚಳ್ಳಿ ಥರ 116 ಮೀಟರ್ ಧುಮುಕುವ ಜಲಪಾತ ಅಂದುಕೊಂಡು ಹೋದರೆ ನಿರಾಸೆ. ಆದರೆ ಕೆಳಗಿನ ಗುಂಡಿ ತಿಳಿಯಾಗಿದ್ದಾಗ ಮಕ್ಕಳಿಗೆ ಹಬ್ಬ. ಜಾಸ್ತಿ ಮಳೆ ಬಿದ್ದ ಮಾರನೇ ದಿನ ಮಾತ್ರ ನೀರಿಗೆ ಇಳೀಬೇಡಿ. ಕೆಂಪು ನೀರು ಬರ್ತಿದ್ದರೆ ನೋಡಿ ವಾಪಸ್ ಬನ್ನಿ.

ನಡೆಯುವ ಹುಚ್ಚಿನವರಿಗೆ ಯಾಣದಿಂದ ವಿಭೂತಿಗೆ ಕಾಡಿನ ದಾರಿ ಇದೆ, ಎಂಟು ಹತ್ತು ಕಿ.ಮೀ. ಆಗುತ್ತೆ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳದೆ ಹೋಗಬೇಡಿ. ಕಾಲುದಾರಿಗಳು ಒಂದಕ್ಕೊಂದು ಸೇರ್ತವೆ, ಅಡಿಕೆ ತೋಟಕ್ಕೆ ಹೋಗುವ ದಾರಿ ಯಾವುದು, ವಿಭೂತಿ ದಾರಿ ಯಾವುದು ಅಂತ ಹೊಸಬರಿಗೆ ಗೊತ್ತಾಗಲ್ಲ. ಫೋನ್ ಸಿಗ್ನಲ್ಲೂ ನಂಬೋ ಹಾಗಿಲ್ಲ. ಅರಣ್ಯ ಇಲಾಖೆಯವರನ್ನೂ ಮೊದಲು ಕೇಳಿಕೊಳ್ಳಿ.

ಐಟಿ_ಐರಾವತ
ಈ ದಾರಿಗೆ ನಾನು ಬೆಂಗಳೂರಿನ ಒಂದು ಟ್ರೆಕ್ಕಿಂಗ್ ತಂಡದ ಜೊತೆ ಹೋಗಿದ್ದೆ, ಹೆಸರು ಬೇಡ. "ಸ್ಥಳೀಯ ಗೈಡ್ ಇರ್ತಾರೆ" ಅಂತ ಬರೆದಿದ್ದರು. ಗೈಡ್ ಅಂತ ಬಂದವನು ನಮ್ಮ ಹಾಗೇ ಜಯನಗರದವನು, ಕೈಯಲ್ಲಿ ಫೋನ್. ಅರ್ಧ ದಾರಿಯಲ್ಲಿ ಫೋನ್ ಸತ್ತುಹೋಯಿತು. ಹಳ್ಳದ ಪಕ್ಕ ಸೊಪ್ಪು ಕಡಿಯುತ್ತಿದ್ದ ಅಜ್ಜಿಯೊಬ್ಬರು ದಾರಿ ತೋರಿಸಿ, "ಇಷ್ಟು ಜನ ಬಂದೀರಿ, ಒಬ್ಬರಿಗೂ ದಾರಿ ಗೊತ್ತಿಲ್ವಾ?" ಅಂದರು. ತಂಡಕ್ಕೆ ದುಡ್ಡು ವಾಪಸ್ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಇಲ್ಲ.

ಶಿರಸಿ_ಮಾಣಿ
ಇದು ದೊಡ್ಡ ಗೋಳು. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ನಾಲ್ಕು ಕಾಸು ಕೊಡೋಕೆ ಆಗಲ್ಲ, ಬೆಂಗಳೂರಿನಿಂದ ಮ್ಯಾಪ್ ನೋಡೋನನ್ನ ಕರ್ಕೊಂಡು ಬರ್ತಾರೆ. ಗಾಜಿನ ಸೇತುವೆ ಬೇಡ, ಹುಬ್ಬಳ್ಳಿ ಅಣ್ಣಾ. ಊರಿನವರನ್ನು ಗೈಡ್ ಮಾಡಿ, ಕೆಲಸ ತಾನಾಗೇ ಸಿಗುತ್ತೆ.

ಹುಬ್ಬಳ್ಳಿ_ಹೈದ
ಇದು ಮಾತು ನೋಡ್ರಿ. ಇದಕ್ಕ ನಾನೂ ಹೂಂ ಅಂತೀನಿ.

ಪಕ್ಷಿನೋಟ
ನಡೆಯುವಾಗ ಮೇಲೂ ನೋಡಿ. ಹಣ್ಣಿನ ಮರ ಇದ್ದರೆ ಮಂಗಟ್ಟೆ ಹಕ್ಕಿ ಬರುತ್ತೆ, ರೆಕ್ಕೆ ಸದ್ದು ದೂರದಿಂದಲೇ ಕೇಳುತ್ತೆ. ಕೆಂದಳಿಲು ಕಾಣಬಹುದು. ಸಿಂಗಳೀಕ ಸಿಕ್ಕರೆ ಅದೃಷ್ಟ.

ಕಾಡುಪಾಪ_86
ಸಿಂಗಳೀಕ ನೋಡಲೇಬೇಕು ಅಂದರೆ ಯಾಣ ಅಲ್ಲ ಸರ್. ಅವುಗಳ ದೊಡ್ಡ ಗುಂಪುಗಳು ಇರೋದು ಸಿದ್ದಾಪುರ, ಹೊನ್ನಾವರ ಕಡೆಯ ಕಾಡಿನಲ್ಲಿ. ಅಘನಾಶಿನಿ ಕಣಿವೆಯನ್ನು 2011ರಲ್ಲಿ ಅದಕ್ಕೆಂದೇ ಸಂರಕ್ಷಣಾ ಮೀಸಲು ಮಾಡಿದ್ದು.

ಪಕ್ಷಿನೋಟ
ಸರಿ, ಅದಕ್ಕೇ ಅದೃಷ್ಟ ಅಂದಿದ್ದು 🙂

ಕಲ್ಲುಕುಟಿಗ
ಅಘನಾಶಿನಿ ಅಂದಾಗ ನೆನಪಾಯಿತು. ಯಾಣದ ಬಳಿಯ ಚಂಡಿಹೊಳೆ ಉಪ್ಪಿನಪಟ್ಟಣದ ಹತ್ತಿರ ಅಘನಾಶಿನಿಗೇ ಸೇರೋದು. ಅಣೆಕಟ್ಟೇ ಇಲ್ಲದೆ ಸಮುದ್ರ ಸೇರುವ ನದಿ. ಅಂದರೆ ನೀವು ಯಾಣದಲ್ಲಿ ಎಸೆದ ಪ್ಲಾಸ್ಟಿಕ್ಕೂ ಎಲ್ಲೂ ತಡೆ ಇಲ್ಲದೆ ಸಮುದ್ರಕ್ಕೆ ಹೋಗುತ್ತೆ.

ಸುಣ್ಣದ ಕಲ್ಲೇ ನೋಡಬೇಕು ಅನ್ನುವವರಿಗೆ ಇನ್ನೊಂದು ಜಾಗ: ದಾಂಡೇಲಿ ಹತ್ತಿರದ ಕವಳಾ ಗುಹೆ. ಅಲ್ಲಿ ಬಗ್ಗಿಕೊಂಡು, ತೆವಳಿಕೊಂಡು ಒಳಗೆ ಹೋಗಬೇಕು. ಒಳಗಿನ ಶಿವಲಿಂಗ ಯಾರೂ ಕೆತ್ತಿದ್ದಲ್ಲ. ಮೇಲಿಂದ ತೊಟ್ಟಿಕ್ಕುವ ನೀರಲ್ಲಿ ಕರಗಿದ ಸುಣ್ಣ ಪದರ ಪದರವಾಗಿ ಕೂತು ಬೆಳೆದದ್ದು. ಮುಟ್ಟಬೇಡಿ, ಕೈಯ ಜಿಡ್ಡು ತಾಗಿದ ಕಡೆ ಬೆಳವಣಿಗೆ ನಿಂತುಹೋಗುತ್ತೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿದೆ, ಅನುಮತಿ ಬೇಕು, ಮಳೆಗಾಲದಲ್ಲಿ ಬಿಡಲ್ಲ.

ಘಟ್ಟದ_ಹುಡುಗಿ
ಕವಳಾಗೆ ಅಮ್ಮನನ್ನು ಕರ್ಕೊಂಡು ಹೋಗಬೇಡಿ ಪ್ಲೀಸ್. ಅಲ್ಲಿ ಮೆಟ್ಟಿಲು ಜಾಸ್ತಿ, ಒಳಗೆ ಉಸಿರು ಕಟ್ಟಿದ ಹಾಗೆ ಆಗುತ್ತೆ. ಯಾಣ, ವಿಭೂತಿ ಸಾಕು.

ಕರಾವಳಿ_ಕಾಗೆ
ರಸ್ತೆ ಬಗ್ಗೆ ಒಂದು ಮಾತು. ಕುಮಟಾ-ಶಿರಸಿ ನಡುವೆ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡುವ ಕೆಲಸ, ಗುಡ್ಡ ಕುಸಿತ ಅಂತ ಆಗಾಗ ಬಂದ್ ಆಗುತ್ತೆ. ಹೊರಡುವ ಹಿಂದಿನ ದಿನ ಕೇಳಿಕೊಳ್ಳಿ. 2024ರ ಜುಲೈನಲ್ಲಿ ಶಿರೂರಲ್ಲಿ ಗುಡ್ಡ ಬಿದ್ದು ಏನಾಯಿತು ಅಂತ ಎಲ್ಲರಿಗೂ ಗೊತ್ತು. ಮಳೆ ಜೋರಿದ್ದರೆ ಘಟ್ಟ ಇಳಿಯೋ ಹುಚ್ಚು ಬೇಡ. ವಡ್ಡಿ ಘಟ್ಟದ ದಾರಿ ಚಂದ ಇದೆ, ಆದರೆ ಕಿರಿದು, ತಿರುವು ಜಾಸ್ತಿ. ಎದುರಿಗೆ ಬಸ್ಸು ಬಂದರೆ ಹಿಂದೆ ತೆಗೀಬೇಕು. ಮಗನಿಗೆ ವಾಂತಿ ಆಗುವ ಅಭ್ಯಾಸ ಇದ್ದರೆ ಲಿಂಬೆಹಣ್ಣು ಇಟ್ಟುಕೊಳ್ಳಿ.

ಟೈಂಪಾಸ್_ತಿಮ್ಮ
ಆ ಲಿಂಬೆ ಹಳೇಬೇರು ಸರ್ ಕೈಗೆ ಮಾತ್ರ ಕೊಡಬೇಡಿ.

ಹಳೇಬೇರು
🙏😀

ಮೈಸೂರು_ಮಲ್ಲಿಗೆಮೊಗ್ಗು
ಊಟದ ಬಗ್ಗೆ ಯಾರಾದರೂ ಹೇಳ್ರಪ್ಪಾ. ಬಂಡೆ ಹತ್ತಿರ ಏನೂ ಸಿಗಲ್ಲ ಅಲ್ವಾ?

ಶಿರಸಿ_ಮಾಣಿ
ಸಣ್ಣ ಅಂಗಡಿ ಇರುತ್ತವೆ, ಮಜ್ಜಿಗೆ, ಮುರುಗಲು ಶರಬತ್ತು ಸಿಗಬಹುದು. ಊಟ ಅಂತ ನಂಬಿಕೊಂಡು ಹೋಗಬೇಡಿ. ಶಿರಸಿಗೆ ಬಂದರೆ ತಂಬುಳಿ, ಅಪ್ಪೆಹುಳಿ, ವಾಪಸ್ ಹೋಗುವಾಗ ತೊಡದೇವು. ತೊಡದೇವನ್ನು ಹಾಲು, ತುಪ್ಪ ಹಾಕಿಕೊಂಡು ತಿನ್ನಬೇಕು.

ಕರಾವಳಿ_ಕಾಗೆ
ಕುಮಟಾಗೆ ಬಂದರೆ ಮೀನು. ಮೀನು ತಿನ್ನದಿದ್ದರೆ ಕಗ್ಗ ಅಕ್ಕಿ ಎಲ್ಲಾದರೂ ಸಿಗುತ್ತಾ ಕೇಳಿ ನೋಡಿ. ಅಘನಾಶಿನಿ ಮುಖದ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವ ಕೆಂಪಕ್ಕಿ. ಅದರ ಗಂಜಿ ಮುಂದೆ ನಿಮ್ಮ ತೊಡದೇವು ನಿಲ್ಲಲ್ಲ.

ಶಿರಸಿ_ಮಾಣಿ
ಗಂಜಿಗೂ ತೊಡದೇವಿಗೂ ಏನು ಸಂಬಂಧ ಮಾರಾಯ್ರೆ? ಒಂದು ಊಟ, ಒಂದು ಸಿಹಿ.

ಘಟ್ಟದ_ಹುಡುಗಿ
ಇವರಿಬ್ಬರದ್ದು ಪ್ರತಿ ಚರ್ಚೆಯಲ್ಲೂ ಇದೇ.

ಬನಶಂಕರಿಯವ
ಎಲ್ಲರಿಗೂ ಥ್ಯಾಂಕ್ಸ್. ಪ್ಲಾನ್ ಹೀಗಾಯಿತು. ರೈಲಿಗೆ ಕುಮಟಾ ತನಕ ಟಿಕೆಟ್ ಸಿಕ್ಕಿದೆ, ವೇಟಿಂಗ್ ಲಿಸ್ಟಿನಲ್ಲಿ. ಸಿಗದಿದ್ದರೆ ಕಾರಲ್ಲಿ ಶಿರಸಿ. ದಸರಾ ನೂಕುನುಗ್ಗಲು ಬೇಡ ಅಂತ ಹಬ್ಬ ಮುಗಿದ ಮೇಲೆ, ವಾರದ ದಿನ, ಬೆಳಿಗ್ಗೆ ಬೇಗ ಯಾಣ. ಮಧ್ಯಾಹ್ನ ನೀರು ತಿಳಿಯಿದ್ದರೆ ವಿಭೂತಿ. ಕವಳಾ ಬೇಡ. ಉಪ್ಪು ಇಟ್ಟುಕೊಂಡಿದ್ದೀನಿ. ಅಮ್ಮ ಹೊಗೆಸೊಪ್ಪು, ಸುಣ್ಣ ಎರಡೂ ತರ್ತಾರಂತೆ, ಅವರದ್ದು ಎಲೆಅಡಿಕೆ ಡಬ್ಬಿಯಲ್ಲಿ ಯಾವಾಗಲೂ ಇರುತ್ತೆ.

ನಿವೃತ್ತ_ಮೇಷ್ಟ್ರು
ಶುಭವಾಗಲಿ. ಅಮ್ಮನಿಗೆ ಇಳಿಯುವಾಗ ಊರುಗೋಲು ಕೊಡಿ. ಹತ್ತುವಾಗ ಬೇಡ ಎನ್ನುತ್ತಾರೆ, ಆದರೂ ಕೈಯಲ್ಲಿರಲಿ.

ದಾವಣಗೆರೆ_ದೋಸೆ
ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ. ಯಾಣ ಮುಗಿಸಿ ಅದೇ ದಿನ ಮಿರ್ಜಾನ್ ಕೋಟೆ ನೋಡೋಕಾಗುತ್ತಾ? ಸಂಜೆ ಎಷ್ಟು ಹೊತ್ತಿನವರೆಗೆ ಬಿಡ್ತಾರೆ?

ಕರಾವಳಿ_ಕಾಗೆ
ವಿಭೂತಿ ಬಿಟ್ಟರೆ ಆರಾಮಾಗಿ ಆಗುತ್ತೆ, ಕುಮಟಾ ಹತ್ತಿರವೇ. ಕತ್ತಲಾಗುವ ಮೊದಲು ಹೋಗಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಆಗಲೇ ಅಕ್ಕಿ, ಮೀನು, ಜೇನು ಎಲ್ಲಾ ಸೇರಿಬಿಟ್ಟಿದೆ.